ಪುನುಗು ಬೆಕ್ಕಿನ ಮೇಲಿನ ಅಪವಾದ

ಊರಿಗೆ ಬೇನೆ ಬಂದಾಗ ಮಾರಿಯ ಪ್ರತಿಮೆಯನ್ನು ಬಂಡಿಯಲ್ಲಿಟ್ಟು, ತಮಟೆ ಬಡಿದು, ಗಡಿ ದಾಟಿಸಿ ಬರುವ ಪದ್ಧತಿ ನಮ್ಮ ಅನೇಕ ಹಳ್ಳಿಗಳಲ್ಲಿತ್ತು. ಬೇನೆಯು ಹೊರಗಿನಿಂದ ಬಂದದ್ದು, ಅದಕ್ಕೊಂದು ಮುಖವಿದೆ, ಆ ಮುಖವನ್ನು ಊರಾಚೆಗೆ ಕಳುಹಿಸಿದರೆ ತಾವು ಕ್ಷೇಮ ಎಂಬ ನಂಬಿಕೆ ಅದರ ಹಿಂದಿತ್ತು. ಇದನ್ನು ಅಜ್ಞಾನವೆಂದು ನಕ್ಕುಬಿಡುವುದು ಸುಲಭ. ಆದರೆ ವಿಜ್ಞಾನವನ್ನು ಬಲ್ಲ ನಮ್ಮ ಕಾಲವೂ ಬೇನೆಗೆ ಒಂದು ಮುಖವನ್ನು ಹುಡುಕುವ ಅಭ್ಯಾಸವನ್ನು ಬಿಟ್ಟಿಲ್ಲ. 2004ರ ಜನವರಿಯಲ್ಲಿ ಚೀನಾ ದೇಶದ ಗುವಾಂಗ್‌ಡಾಂಗ್ ಪ್ರಾಂತ್ಯದ ಸರಕಾರವು ಸುಮಾರು 10,000 ಪುನುಗು ಬೆಕ್ಕುಗಳನ್ನು ಕೊಲ್ಲಿಸಲು ಆಜ್ಞೆ ಹೊರಡಿಸಿತು. ಹಿಂದಿನ ವರ್ಷ ಜಗತ್ತನ್ನೇ ನಡುಗಿಸಿದ ಸಾರ್ಸ್ ಎಂಬ ಕೊರೋನಾ ರೋಗವನ್ನು ಮನುಷ್ಯನಿಗೆ ತಂದಿತ್ತವು ಅವೇ ಎಂಬುದು ಆರೋಪ. ಆ ಆರೋಪದಲ್ಲಿ ನಿಜವೆಷ್ಟು, ಅಪವಾದವೆಷ್ಟು ಎಂದು ವಿಚಾರಿಸುವುದು ಈ ಭಾಷಣದ ಉದ್ದೇಶ. ನಾನು ವೈದ್ಯನಲ್ಲ, ಹಳೆಯ ಗ್ರಂಥಗಳನ್ನು ಓದಿಕೊಂಡು ಬಂದವನು. ಆದರೆ ಈ ವಿಚಾರಣೆಯ ಕ್ರಮ ಗ್ರಂಥಸಂಪಾದನೆಯ ಕ್ರಮಕ್ಕೆ ಅಷ್ಟೇನೂ ದೂರವಲ್ಲ ಎಂಬುದನ್ನು ಮುಂದೆ ಕಾಣುವಿರಿ.

ಮೊದಲು ಆ ವಿಷಾಣುವಿನ ಕುಲಗೋತ್ರವನ್ನು ನೋಡೋಣ. 1931ರಲ್ಲಿ ಅಮೆರಿಕದ ನಾರ್ತ್ ಡಕೋಟ ರಾಜ್ಯದಲ್ಲಿ ಕೋಳಿಮರಿಗಳಿಗೆ ಉಸಿರು ಕಟ್ಟುವ ಹೊಸದೊಂದು ರೋಗ ಬಂದಿತೆಂದು ಇಬ್ಬರು ಪಶುವೈದ್ಯರು ವರದಿ ಮಾಡಿದರು. ಅದು ಕೋಳಿ ಸಾಕುವವರ ಚಿಂತೆಯಾಗಿ ಉಳಿಯಿತು, ಮನುಷ್ಯರಿಗೆ ಅದರಿಂದ ಏನೂ ಆಗಿರಲಿಲ್ಲ. ಮೂವತ್ತು ವರ್ಷಗಳ ತರುವಾಯ ಇಂಗ್ಲೆಂಡಿನಲ್ಲಿ ಡೇವಿಡ್ ಟಿರೆಲ್ ಎಂಬ ವಿಜ್ಞಾನಿ ನೆಗಡಿಯ ಮೂಲವನ್ನು ಹುಡುಕುತ್ತಿದ್ದರು. ಒಬ್ಬ ಶಾಲಾ ಬಾಲಕನ ಮೂಗಿನಿಂದ 1960ರಲ್ಲಿ ತೆಗೆದಿಟ್ಟಿದ್ದ ದ್ರವದಲ್ಲಿ ಯಾವುದೋ ವಿಷಾಣು ಇತ್ತು. ಆದರೆ ಅದು ಆಗ ತಿಳಿದಿದ್ದ ಯಾವ ಜಾತಿಗೂ ಸೇರುತ್ತಿರಲಿಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ ಜೂನ್ ಅಲ್ಮೇಡ ಎಂಬ ಮಹಿಳೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿ, ಇಂಥದನ್ನು ತಾನು ಈ ಮೊದಲೇ ಕಂಡಿರುವೆನೆಂದರು. ಕಂಡದ್ದೆಲ್ಲಿ? ಕೋಳಿಯ ಅದೇ ರೋಗದಲ್ಲಿ ಮತ್ತು ಇಲಿಯ ಯಕೃತ್ತಿನ ರೋಗವೊಂದರಲ್ಲಿ. ಅವರ ಆ ಹಿಂದಿನ ಲೇಖನವನ್ನು ವಿದ್ವತ್ ಪತ್ರಿಕೆಯೊಂದು, ಇವು ಇನ್‌ಫ್ಲುಯೆನ್ಸ ವಿಷಾಣುವಿನ ಕೆಟ್ಟ ಚಿತ್ರಗಳೆಂದು ಹೇಳಿ ಹಿಂದಿರುಗಿಸಿತ್ತು. ಗ್ಲಾಸ್ಗೋ ನಗರದ ಬಸ್ಸು ಚಾಲಕನ ಮಗಳು, ಹದಿನಾರರ ವಯಸ್ಸಿಗೆ ಶಾಲೆ ಬಿಟ್ಟವರು ಈಕೆ. ಆದರೆ ಕಂಡದ್ದನ್ನು ಮರೆಯದ ಕಣ್ಣು ಅವರದು. ಸುತ್ತಲೂ ಪ್ರಭೆಯಂತೆ ಮುಳ್ಳುಗಳಿದ್ದ ಆ ಆಕೃತಿಗೆ, ಗ್ರಹಣಕಾಲದಲ್ಲಿ ಸೂರ್ಯನ ಸುತ್ತ ಕಾಣುವ ಪ್ರಭಾವಲಯವನ್ನು ನೆನೆದು, 1968ರಲ್ಲಿ ಕೊರೋನಾ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಕಿರೀಟವೆಂದು ಅರ್ಥ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮನುಷ್ಯನ ನೆಗಡಿಯ ವಿಷಾಣುವನ್ನು ಗುರುತಿಸಲು ಕೋಳಿಯ ಮತ್ತು ಇಲಿಯ ವಿಷಾಣುಗಳು ನೆರವಾದವು. ಅಂದರೆ ಇದೊಂದು ಕೂಡು ಕುಟುಂಬವೆಂಬುದು ಮೊದಲ ದಿನದಿಂದಲೇ ಕಣ್ಣಿಗೆ ಕಟ್ಟುವಂತಿತ್ತು. ಹಂದಿ, ದನ, ನಾಯಿ, ಬೆಕ್ಕು, ಒಂಟೆ, ಬಾವಲಿ ಎಲ್ಲಕ್ಕೂ ಅದರದೇ ಆದ ಕೊರೋನಾ ವಿಷಾಣುಗಳಿವೆ. ಮನುಷ್ಯನಿಗೆ ನೆಗಡಿ ತರುವ ನಾಲ್ಕು ಬಗೆಯ ಕೊರೋನಾಗಳು ಈಗ ತಿಳಿದಿವೆ. ಈ ನಾಲ್ಕರ ಮೂಲವೂ ಪ್ರಾಣಿಗಳಲ್ಲೇ, ಎರಡರದು ಬಾವಲಿಗಳಲ್ಲಿ, ಇನ್ನೆರಡರದು ಇಲಿಯ ಜಾತಿಯ ಪ್ರಾಣಿಗಳಲ್ಲಿ ಎಂದು ವಿದ್ವಾಂಸರು ಎಣಿಸುತ್ತಾರೆ. ನಮ್ಮ ಮನೆಯ ಮಕ್ಕಳ ಮೂಗು ಸೋರಿಸುವ ಸಾಧಾರಣ ನೆಗಡಿಯೂ ಒಂದು ಕಾಲಕ್ಕೆ ಗಡಿ ದಾಟಿ ಬಂದ ಅಪರಿಚಿತನೇ.

ಈ ದಾಟುವಿಕೆ ನಡೆಯುವುದು ಹೇಗೆ? ವಿಷಾಣುವಿನ ಮೈಮೇಲಿನ ಮುಳ್ಳನ್ನು ಕೀಲಿಕೈಯೆಂದೂ, ಜೀವಕೋಶದ ಮೈಮೇಲಿನ ಒಂದು ಕೊಂಡಿಯನ್ನು ಬೀಗವೆಂದೂ ಭಾವಿಸಿಕೊಳ್ಳಬಹುದು. ಒಂದು ಪ್ರಾಣಿಯ ಬೀಗಕ್ಕೆ ಹೊಂದುವ ಕೀಲಿಕೈ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಆದರೆ ಕೊರೋನಾ ವಿಷಾಣುವಿನ ಒಳಗಿರುವ ಬರಹ ಸುಮಾರು 30,000 ಅಕ್ಷರಗಳದು. ಅದು ತನ್ನ ಪ್ರತಿಗಳನ್ನು ತಾನೇ ಮಾಡಿಸಿಕೊಳ್ಳುವಾಗ, ನಿದ್ದೆಗಣ್ಣಿನ ಲಿಪಿಕಾರ ಓಲೆಗರಿಯ ಮೇಲೆ ಮಾಡುವಂತೆ, ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಒಂದೇ ಪ್ರಾಣಿಯಲ್ಲಿ ಎರಡು ಬಗೆಯ ವಿಷಾಣುಗಳು ಒಟ್ಟಿಗೆ ಸೇರಿದರೆ, ಒಂದು ಗ್ರಂಥದ ಗರಿಗಳು ಇನ್ನೊಂದರ ಕಟ್ಟಿಗೆ ಸೇರಿಹೋದಂತೆ, ಬರಹದ ತುಂಡುಗಳೇ ಅದಲುಬದಲಾಗುತ್ತವೆ. ಇಂಥ ತಪ್ಪುಗಳಲ್ಲಿ ಬಹುಪಾಲು ವ್ಯರ್ಥ. ಎಂದೋ ಒಮ್ಮೆ ಒಂದು ತಪ್ಪು ಹೊಸ ಬೀಗಕ್ಕೆ ಹೊಂದುವ ಕೀಲಿಕೈಯಾಗುತ್ತದೆ. ಹಾಗೆ ಹೊಂದಿಕೊಂಡ ಮೇಲೂ, ಆ ಪ್ರಾಣಿಯೂ ಮನುಷ್ಯನೂ ಉಸಿರಿಗೆ ಉಸಿರು ತಾಗುವಷ್ಟು ಹತ್ತಿರವಿದ್ದಾಗಲೇ ದಾಟುವಿಕೆ ಸಾಧ್ಯ. ಈ ಎರಡನೆಯ ಅಂಶ ನಮ್ಮ ಕೈಯಲ್ಲಿರುವುದು.

ಪಾಠಾಂತರಗಳನ್ನು ಹೋಲಿಸಿ, ಯಾವ ಪ್ರತಿ ಯಾವುದರಿಂದ ಹುಟ್ಟಿತು, ಮೂಲಪ್ರತಿ ಎಷ್ಟು ಹಳೆಯದು ಎಂದು ಗ್ರಂಥಸಂಪಾದಕರು ತೀರ್ಮಾನಿಸುವುದನ್ನು ನೀವು ಬಲ್ಲಿರಿ. 2005ರಲ್ಲಿ ಬೆಲ್ಜಿಯಂ ದೇಶದ ಲ್ಯೂವೆನ್ ನಗರದ ವಿದ್ವಾಂಸರು ಇದನ್ನೇ ಮಾಡಿದರು. ಮನುಷ್ಯನ ನೆಗಡಿಯ ಒಂದು ಕೊರೋನಾ, ಅದರ ಸಂಕೇತನಾಮ ಓಸಿ43, ಮತ್ತು ದನಗಳ ಕೊರೋನಾ ಇವೆರಡರ ಬರಹಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದಾಗ, ಎರಡೂ ಸುಮಾರು 1890ರಲ್ಲಿ ಒಂದೇ ಮೂಲದಿಂದ ಕವಲೊಡೆದಂತೆ ಲೆಕ್ಕ ಬಂತು. 1889ರಲ್ಲಿ ಮಧ್ಯ ಏಷ್ಯದ ಬುಖಾರದ ಕಡೆ ಕಾಣಿಸಿಕೊಂಡು, ಆಗಷ್ಟೇ ಹರಡಿಕೊಂಡಿದ್ದ ರೈಲುಮಾರ್ಗಗಳನ್ನು ಹಿಡಿದು ಯೂರೋಪನ್ನೆಲ್ಲ ವ್ಯಾಪಿಸಿ, 1890ರಲ್ಲಿ ಭಾರತಕ್ಕೂ ಬಂದ ಒಂದು ಮಹಾಜ್ವರವಿತ್ತು. ಚರಿತ್ರೆ ಅದನ್ನು ‘ರಷ್ಯನ್ ಫ್ಲೂ’ ಎಂದು ಕರೆದಿದೆ. ಅದು ಫ್ಲೂ ಆಗಿರದೆ ದನದ ಕೊಟ್ಟಿಗೆಯಿಂದ ಬಂದ ಈ ಕೊರೋನಾವೇ ಆಗಿದ್ದಿರಬಹುದೆಂದು ಕೆಲವರು ಊಹಿಸುತ್ತಾರೆ. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳೋಣ. ಅಂದಿನ ರೋಗಿಗಳ ದೇಹದ ಸಾಕ್ಷ್ಯ ದೊರೆಯದೆ ಅದನ್ನು ಸಿದ್ಧಾಂತವೆನ್ನಲಾಗದು. ಆದರೆ ದನಕ್ಕೂ ನಮಗೂ ನಡುವೆ ಒಂದು ವಿಷಾಣು ಓಡಾಡಿದ್ದು, ಅದು ಇಂದು ಬರಿಯ ನೆಗಡಿಯಾಗಿ ನಮ್ಮೊಡನೆ ಉಳಿದಿರುವುದು, ಅಕ್ಷರಗಳ ಸಾಕ್ಷ್ಯದಿಂದ ತಿಳಿಯುತ್ತದೆ.

ಈಗ ನಮ್ಮ ವಿಚಾರಣೆಯ ಮುಖ್ಯ ಭಾಗಕ್ಕೆ ಬರೋಣ. 2002ರ ನವೆಂಬರ್ ತಿಂಗಳಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ಫೋಷಾನ್ ನಗರದಲ್ಲಿ ಒಂದು ಬಗೆಯ ಘೋರ ನ್ಯುಮೋನಿಯ ಕಾಣಿಸಿಕೊಂಡಿತು. ಮೊದಮೊದಲು ಅದಕ್ಕೆ ಗುರಿಯಾದವರಲ್ಲಿ ಅಡಿಗೆಯವರು, ಮಾಂಸ ಕಡಿಯುವವರು, ಪ್ರಾಣಿ ಮಾರುವವರು ಎದ್ದು ಕಾಣುವಷ್ಟು ಮಂದಿ ಇದ್ದರು. ಅಧಿಕಾರಿಗಳು ಸುದ್ದಿಯನ್ನು ಅದುಮಿಟ್ಟರು. 2003ರ ಫೆಬ್ರವರಿ 21ರಂದು, ಅಂಥ ರೋಗಿಗಳಿಗೆ ಚಿಕಿತ್ಸೆ ಮಾಡಿದ್ದ 64 ವರ್ಷದ ವೈದ್ಯರೊಬ್ಬರು, ಬಂಧುವಿನ ಮದುವೆಗೆಂದು ಹಾಂಗ್‌ಕಾಂಗಿಗೆ ಬಂದು ಮೆಟ್ರೊಪೋಲ್ ಎಂಬ ಹೋಟೆಲಿನ ಒಂಬತ್ತನೆಯ ಅಂತಸ್ತಿನಲ್ಲಿ ಇಳಿದುಕೊಂಡರು. ಒಂದೇ ರಾತ್ರಿಯ ವಾಸ. ಅದೇ ಹೋಟೆಲಿನಲ್ಲಿ ತಂಗಿದ್ದ ಇತರರು ಮರುದಿನಗಳಲ್ಲಿ ಹನೋಯಿಗೆ, ಸಿಂಗಪುರಕ್ಕೆ, ಟೊರಾಂಟೊಗೆ ವಿಮಾನವೇರಿದರು. ವೈದ್ಯರು ಹಾಂಗ್‌ಕಾಂಗಿನಲ್ಲೇ ತೀರಿಕೊಂಡರು. ಸಂತೆಯೊಂದರಲ್ಲಿ ಹುಟ್ಟಿದ ಬೇನೆ ಆ ಮೊಗಸಾಲೆಯಿಂದ ಜಗತ್ತಿಗೆ ಹೊರಟಿತು.

ಹನೋಯಿಯ ಆಸ್ಪತ್ರೆಯೊಂದು, ತನಗೆ ಅರ್ಥವಾಗದ ರೋಗಿಯೊಬ್ಬನನ್ನು ನೋಡಲು, ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಲೊ ಉರ್ಬಾನಿ ಎಂಬ ಇಟಲಿಯ ವೈದ್ಯರನ್ನು ಕರೆಸಿತು. ಇದು ಸಾಮಾನ್ಯ ಫ್ಲೂ ಅಲ್ಲವೆಂದು ಅವರು ಬೇಗನೆ ಗ್ರಹಿಸಿದರು. ದಿನವೂ ಆಸ್ಪತ್ರೆಗೆ ಹೋಗಿ, ಮಾದರಿಗಳನ್ನು ಸಂಗ್ರಹಿಸಿ, ರೋಗಿಗಳನ್ನು ಬೇರೆಯಿರಿಸಲು ಹೇಳಿ, ಜಗತ್ತಿಗೆ ಎಚ್ಚರಿಕೆ ಕೊಟ್ಟರು. ವಿಯೆಟ್ನಾಮ್ ಸರಕಾರ ಅವರ ಮಾತನ್ನು ಕೇಳಿತು. ಏಪ್ರಿಲ್ ಮುಗಿಯುವುದರೊಳಗೆ ಈ ರೋಗದಿಂದ ಮುಕ್ತವಾದ ಮೊದಲ ದೇಶ ಅದಾಯಿತು. ಅದನ್ನು ನೋಡಲು ಉರ್ಬಾನಿ ಉಳಿದಿರಲಿಲ್ಲ. ಅದೇ ರೋಗ ತಗಲಿ, ಮಾರ್ಚ್ 29ರಂದು, ಬ್ಯಾಂಕಾಕಿನಲ್ಲಿ, ತಮ್ಮ 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು. ಆ ವೇಳೆಗೆ ಹಾಂಗ್‌ಕಾಂಗಿನಲ್ಲಿ, ನಮ್ಮ ನೆರೆಯ ಶ್ರೀಲಂಕಾದಲ್ಲಿ ಹುಟ್ಟಿದ ಮಲಿಕ್ ಪೈರಿಸ್ ಅವರ ತಂಡ ಹೊಸ ಕೊರೋನಾ ವಿಷಾಣುವನ್ನು ಹಿಡಿದಿತ್ತು. 2003ರ ಜುಲೈ 5ರಂದು ಸಾರ್ಸ್ ಹತೋಟಿಗೆ ಬಂದಿತೆಂದು ಘೋಷಣೆಯಾಯಿತು. ಒಟ್ಟು 8,098 ಜನ ರೋಗಿಗಳು, 774 ಸಾವುಗಳು. ರೋಗಿಗಳಲ್ಲಿ ಐವರಲ್ಲೊಬ್ಬರು ಆಸ್ಪತ್ರೆಗಳಲ್ಲಿ ದುಡಿಯುವವರೇ ಆಗಿದ್ದರು. ಭಾರತದಲ್ಲಿ ಮೂವರಿಗೆ ತಗಲಿ, ಮೂವರೂ ಬದುಕಿದರು.

ಇನ್ನು ಪುನುಗು ಬೆಕ್ಕಿನ ಸರದಿ. ಕಸ್ತೂರಿಯ ಜೊತೆಗೆ ಪುನುಗು ಜವಾಜಿಗಳ ಹೆಸರು ನಮ್ಮ ಕಾವ್ಯಗಳ ಅಲಂಕಾರ ವರ್ಣನೆಗಳಲ್ಲಿ ಬರುತ್ತದೆ. ಆ ಸುಗಂಧದ ಪ್ರಾಣಿಯ ದಾಯಾದಿಯೊಂದು, ಮುಖದ ಮೇಲೆ ಬಿಳಿಯ ಪಟ್ಟೆಯುಳ್ಳದ್ದು, ದಕ್ಷಿಣ ಚೀನಾದಲ್ಲಿ ಸಿರಿವಂತರ ಊಟದ ತಟ್ಟೆಗೆ ಬರುತ್ತಿತ್ತು. 2003ರ ಮೇ ತಿಂಗಳಲ್ಲಿ ಗುವಾನ್ ಯಿ ಎಂಬ ವಿಜ್ಞಾನಿಯ ತಂಡ ಷೆನ್‌ಜೆನ್ ನಗರದ ಸಂತೆಗೆ ಹೋಗಿ, ಪಂಜರಗಳಲ್ಲಿದ್ದ ಪ್ರಾಣಿಗಳ ಮಾದರಿ ತೆಗೆದು ನೋಡಿದಾಗ, ಪುನುಗು ಬೆಕ್ಕುಗಳಲ್ಲಿ ಸಾರ್ಸಿನದೇ ಎನ್ನಬಹುದಾದ ವಿಷಾಣು ಸಿಕ್ಕಿತು. ಎರಡರ ಬರಹಕ್ಕೂ ಇದ್ದ ವ್ಯತ್ಯಾಸ ಅತ್ಯಲ್ಪ. ಪ್ರಾಣಿಯ ಪ್ರತಿಯಲ್ಲಿ 29 ಅಕ್ಷರಗಳ ಒಂದು ತುಂಡು ಇತ್ತು, ಬಹುಪಾಲು ರೋಗಿಗಳ ಪ್ರತಿಯಲ್ಲಿ ಅದು ಬಿಟ್ಟುಹೋಗಿತ್ತು. ಅದೇ ಡಿಸೆಂಬರಿನಿಂದ ಜನವರಿಯವರೆಗೆ ಗುವಾಂಗ್‌ಡಾಂಗಿನಲ್ಲಿ ಮತ್ತೆ ನಾಲ್ವರಿಗೆ ರೋಗ ಕಾಣಿಸಿತು. ಅವರಲ್ಲೊಬ್ಬಳು ಪುನುಗು ಬೆಕ್ಕಿನ ಮಾಂಸ ಬಡಿಸುವ ಉಪಾಹಾರ ಗೃಹದ ಪರಿಚಾರಿಕೆ. ಕೊಲ್ಲುವ ಆಜ್ಞೆ ಹೊರಟಿದ್ದು ಆಗಲೇ.

ಆರೋಪದಲ್ಲಿ ನಿಜವಿಲ್ಲದಿಲ್ಲ. ವಿಷಾಣು ಆ ಪ್ರಾಣಿಯ ಮೂಲಕವೇ ಬಂದಿತ್ತು. ಆದರೆ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿಟ್ಟು, ಬೆಕ್ಕುಗಳನ್ನು ಸಾಕುವ ತೋಟಗಳಿಗೇ ಹೋಗಿ ಪರೀಕ್ಷಿಸಿದರು. ಅಲ್ಲಿನವುಗಳಲ್ಲಿ ಈ ಸೋಂಕು ಇರಲಿಲ್ಲವೆಂದೇ ಹೇಳಬೇಕು. ಸಂತೆಗೆ ಬಂದು, ಇಕ್ಕಟ್ಟಿನ ಪಂಜರದಲ್ಲಿ, ಒಂದರ ಮೇಲೊಂದು ಪೇರಿಸಿದ ಬೇರೆ ಬೇರೆ ಜಾತಿಯ ಪ್ರಾಣಿಗಳ ನಡುವೆ ಇದ್ದವಕ್ಕೆ ಸೋಂಕಿತ್ತು. ತೋಟದಲ್ಲಿ ನಿರೋಗಿಯಾಗಿದ್ದ ಪ್ರಾಣಿ ಸಂತೆಯಲ್ಲಿ ರೋಗಿಯಾದರೆ, ವಿಚಾರಣೆಗೆ ನಿಲ್ಲಬೇಕಾದದ್ದು ಪ್ರಾಣಿಯೋ ಸಂತೆಯೋ? 2005ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ, ಮೂಗಿನ ಮೇಲೆ ಕುದುರೆಲಾಳದ ಆಕಾರದ ತೊಗಲುಳ್ಳ ಒಂದು ಜಾತಿಯ ಬಾವಲಿಗಳಲ್ಲಿ ಸಾರ್ಸಿನ ಹತ್ತಿರದ ಬಂಧುಗಳನ್ನು ಕಂಡವು. ಹುಡುಕಾಟ ಮುಂದುವರಿಯಿತು. 2017ರಲ್ಲಿ, ಯುನ್ನಾನ್ ಪ್ರಾಂತ್ಯದ ಒಂದೇ ಗುಹೆಯ ಬಾವಲಿಗಳಲ್ಲಿ ಸಾರ್ಸ್ ವಿಷಾಣುವಿನ ಬರಹದ ಎಲ್ಲ ತುಂಡುಗಳೂ ಬೇರೆ ಬೇರೆಯಾಗಿ ಇರುವುದು ಪ್ರಕಟವಾಯಿತು. ಪುನುಗು ಬೆಕ್ಕು ನಡುವಿನ ಓಲೆಕಾರ ಮಾತ್ರ. ಹಾಗಾದರೆ ಅಪರಾಧವನ್ನು ಬಾವಲಿಯ ಮೇಲೆ ಹೊರಿಸೋಣವೆ? ತಲೆಕೆಳಗಾಗಿ ತೂಗುತ್ತ, ಎಷ್ಟೋ ಯುಗಗಳಿಂದ ಆ ವಿಷಾಣುಗಳೊಡನೆ ಬಾಳಿಕೊಂಡು ಬಂದ ಅದು ನಮ್ಮನ್ನು ಹುಡುಕಿಕೊಂಡು ಬರಲಿಲ್ಲ. ಕಾಡಿನ ಜೀವಗಳನ್ನು ಪಟ್ಟಣದ ಪಂಜರಕ್ಕೆ ತಂದದ್ದು ನಾವು.

ಇದೇ ಪಾಠವನ್ನು ಅರಬ್ಬರ ನಾಡು ಇನ್ನೊಂದು ರೀತಿಯಲ್ಲಿ ಹೇಳಿಕೊಟ್ಟಿತು. 2012ರ ಜೂನಿನಲ್ಲಿ ಸೌದಿ ಅರೇಬಿಯದ ಜೆಡ್ಡಾ ನಗರದಲ್ಲಿ ನ್ಯುಮೋನಿಯದಿಂದ ಸತ್ತ ಅರವತ್ತರ ವಯಸ್ಸಿನವನೊಬ್ಬನ ಕಫದಲ್ಲಿ, ಈಜಿಪ್ಟಿನ ಅಲಿ ಮೊಹಮದ್ ಜಾಕಿ ಎಂಬ ತಜ್ಞರು ಹೊಸದೊಂದು ಕೊರೋನಾವನ್ನು ಕಂಡರು. ಮೆರ್ಸ್ ಎಂದು ಹೆಸರಾದ ಅದು, ವರದಿಯಾದ ರೋಗಿಗಳಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕು ಜನರನ್ನು ಕೊಂದಿದೆ. ಮೂಲವನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಒಂಟೆ. ಒಂಟೆಗೆ ಅದು ಬರಿಯ ನೆಗಡಿ. ಹಿಂದೆ ಎಂದೋ ಬೇರೆ ಉದ್ದೇಶಕ್ಕೆ ಶೇಖರಿಸಿಟ್ಟಿದ್ದ ಒಂಟೆಗಳ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಸೊಮಾಲಿಯದ 1983ರ ಮಾದರಿಗಳಲ್ಲಿಯೇ ಈ ಸೋಂಕಿನ ಗುರುತು ಇತ್ತು. ಅಂದರೆ, ಮನುಷ್ಯ ಅದಕ್ಕೆ ಹೆಸರಿಡುವ ಮೊದಲು ಮೂವತ್ತು ವರ್ಷ ಅದು ಒಂಟೆಗಳಲ್ಲಿ ಮೌನವಾಗಿ ಓಡಾಡುತ್ತಿತ್ತು.

ಅಲ್ಲಿ ಒಂಟೆಗಳ ಸಾಮೂಹಿಕ ಹತ್ಯೆಗೆ ಯಾರೂ ಆಜ್ಞೆ ಹೊರಡಿಸಲಿಲ್ಲ. ಒಂಟೆ ಅರಬ್ಬರಿಗೆ ಐಶ್ವರ್ಯ, ವಂಶದ ಗೌರವ, ಅವರ ಪುರಾತನ ಕಾವ್ಯದ ಪ್ರಿಯ ವಸ್ತು. 2014ರಲ್ಲಿ ಸೌದಿ ಸರಕಾರವು ಒಂಟೆಗಳ ಬಳಿ ಹೋಗುವಾಗ ಮುಖವಸ್ತ್ರ ಧರಿಸಿರೆಂದಾಗ, ಕೆಲವು ರೈತರು ಒಂಟೆಯ ಮೂತಿಗೆ ಮುತ್ತಿಡುವ ಚಿತ್ರಗಳನ್ನು ತೆಗೆದು ಪ್ರಕಟಿಸಿದರು! ಅಚಾತುರ್ಯವೇ ಸರಿ. ಆದರೂ ಇದನ್ನು ಪುನುಗು ಬೆಕ್ಕಿನ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಯಾವ ಪ್ರಾಣಿಗೆ ಶಿಕ್ಷೆಯಾಗಬೇಕೆಂಬುದು ಅದು ಮಾಡಿದ ಹಾನಿಯ ಪ್ರಮಾಣವನ್ನು ಅವಲಂಬಿಸಿರಲಿಲ್ಲ. ಅದರ ಪರವಾಗಿ ಮಾತನಾಡುವವರಿದ್ದಾರೆಯೆ ಎಂಬುದನ್ನು ಅವಲಂಬಿಸಿತ್ತು. ಇನ್ನು ಮೆರ್ಸ್ ಬೆಳೆದದ್ದು ಕೊಟ್ಟಿಗೆಗಿಂತ ಹೆಚ್ಚಾಗಿ ಆಸ್ಪತ್ರೆಗಳ ಜನಸಂದಣಿಯಲ್ಲಿ. 2015ರಲ್ಲಿ ಒಬ್ಬ ಪ್ರಯಾಣಿಕನಿಂದ ದಕ್ಷಿಣ ಕೊರಿಯಕ್ಕೆ ಹೋದ ರೋಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಬ್ಬಿ 186 ಜನರಿಗೆ ತಗಲಿತು, 38 ಜನ ಸತ್ತರು. ಅಲ್ಲಿ ಒಂಟೆಯ ಸುಳಿವೇ ಇರಲಿಲ್ಲ.

ಹೆಸರಿನಲ್ಲೇ ಅಪವಾದ ಹೊತ್ತ ಪ್ರಾಣಿ ನಮ್ಮ ಮಲೆನಾಡಿನಲ್ಲೂ ಒಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಹಳ್ಳಿಯವರಿಗೆ ಜ್ವರ ಬಂದಾಗ, ನಾವು ಅದಕ್ಕೆ ಮಂಗನ ಕಾಯಿಲೆ ಎಂದು ಹೆಸರಿಟ್ಟೆವು. ಅದರ ವಿಷಾಣು ಕೊರೋನಾ ಕುಲದ್ದಲ್ಲ, ಬೇರೆಯೇ ವಂಶದ್ದು. ಅದನ್ನು ಹೊತ್ತು ತರುವುದು ಕಾಡಿನ ಉಣುಗು. ಮಂಗ ನಮ್ಮಂತೆಯೇ ಅದಕ್ಕೆ ಬಲಿಯಾಗುವ ಜೀವಿ. ನಮಗಿಂತ ಮೊದಲು ಸತ್ತು ನಮಗೆ ಎಚ್ಚರಿಕೆ ಕೊಡುವ ಜೀವಿ. ಕಾಡಿನಂಚಿಗೆ ಮೇಯಲು ಹೋದ ನಮ್ಮ ದನಗಳ ಮೈಯಲ್ಲಿ ಉಣುಗುಗಳು ಹೊಟ್ಟೆ ತುಂಬಿಸಿಕೊಂಡು ಹೆಚ್ಚಿದವು. ಹೆಸರು ಮಾತ್ರ ಮಂಗನ ಪಾಲಿಗೆ ಬಂತು.

ಕೊನೆಯ ಅಧ್ಯಾಯವನ್ನು ನೀವೆಲ್ಲ ಬಾಳಿ ಬಲ್ಲಿರಾದ್ದರಿಂದ ನಾನು ಬೆಳೆಸುವುದಿಲ್ಲ. 2019ರ ಡಿಸೆಂಬರಿನಲ್ಲಿ ಚೀನಾದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ಕೋವಿಡ್ ಭಾರತಕ್ಕೆ ಕಾಲಿಟ್ಟದ್ದು 2020ರ ಜನವರಿಯಲ್ಲಿ, ಕೇರಳದ ಮೂಲಕ. ದೇಶದಲ್ಲಿ ಅದರ ಮೊದಲ ಸಾವು ದಾಖಲಾದದ್ದು ಮಾರ್ಚಿನಲ್ಲಿ, ನಮ್ಮ ಕಲಬುರಗಿಯಲ್ಲಿ. ಜಗತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕ ಸಾವುಗಳೇ 70 ಲಕ್ಷ. ಸಿಗದವು ಇನ್ನೂ ಎಷ್ಟೋ ಪಟ್ಟು. ಮೊದಲ ರೋಗಿಗಳಲ್ಲಿ ಅನೇಕರ ನೆಲೆ ವುಹಾನಿನ ಒಂದು ಸಂತೆಯ ಸುತ್ತಮುತ್ತ ಇತ್ತು. ಅಲ್ಲಿ ಕಾಡುಪ್ರಾಣಿಗಳನ್ನು ಜೀವಂತವಾಗಿ ಮಾರುತ್ತಿದ್ದರು. ದೊರೆತಿರುವ ಸಾಕ್ಷ್ಯದ ತೂಕ ಪ್ರಾಣಿಗಳಿಂದ ದಾಟಿ ಬಂದದ್ದೆಂಬ ಕಡೆಗಿದೆ. ಆದರೆ ಪುನುಗು ಬೆಕ್ಕಿನಂತೆ ನಡುವಿನ ಪ್ರಾಣಿಯೊಂದು ವಿಷಾಣುವಿನ ಸಮೇತ ಸಿಕ್ಕಿಲ್ಲ. ಪ್ರಯೋಗಾಲಯದಿಂದ ಹೊರಬಿದ್ದಿರಬಹುದೆಂಬ ಶಂಕೆಗೂ ಪೂರ್ಣವಿರಾಮ ಬಿದ್ದಿಲ್ಲ. ಸಂತೆಯನ್ನು 2020ರ ಜನವರಿ 1ರಂದು ಮುಚ್ಚಿದಾಗ, ಅಲ್ಲಿ ಮಾರುತ್ತಿದ್ದ ಕಾಡುಪ್ರಾಣಿಗಳೂ ಹೊರಟುಹೋಗಿದ್ದವು. ಸಾಕ್ಷಿಗಳೇ ಇಲ್ಲದ ಮೇಲೆ ನ್ಯಾಯಾಲಯ ಏನು ಮಾಡೀತು?

ಈ ದಾಟುವಿಕೆ ಏಕಮುಖವೂ ಅಲ್ಲ. 2020ರಲ್ಲಿ ಡೆನ್ಮಾರ್ಕಿನ ತುಪ್ಪಳದ ತೋಟಗಳಲ್ಲಿದ್ದ ಮಿಂಕ್ ಎಂಬ ಪ್ರಾಣಿಗಳಿಗೆ ಕೋವಿಡ್ ತಗಲಿತು. ತಗಲಿಸಿದವರು ಅವುಗಳನ್ನು ಸಾಕುವ ಮನುಷ್ಯರೇ. ಅಲ್ಲಿಂದ ಅದು ಒಂದಿಷ್ಟು ರೂಪ ಬದಲಿಸಿ ಮತ್ತೆ ಮನುಷ್ಯರಿಗೆ ಬಂತು. ಪರಿಣಾಮವಾಗಿ ಆ ದೇಶ ಒಂದೂವರೆ ಕೋಟಿ ಮಿಂಕ್‌ಗಳನ್ನು ಕೊಂದು ಹೂಳಿತು. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ಮೃಗಾಲಯದ ಎಂಟು ಸಿಂಹಗಳಿಗೆ ಸೋಂಕು ತಗಲಿದ್ದನ್ನು ನಮ್ಮ ಪತ್ರಿಕೆಗಳಲ್ಲೇ ಓದಿದೆವು. ಸಿಂಹಗಳು ಚೇತರಿಸಿಕೊಂಡವು. ಅವುಗಳ ಭಾಷೆಯಲ್ಲಿ ಈ ಬೇನೆಗೊಂದು ಹೆಸರಿದ್ದರೆ, ಅದು ಮನುಷ್ಯನ ಕಾಯಿಲೆ ಎಂದೇ ಇದ್ದೀತು.

ಸಾರ್ಸ್ ಅಡಗಿದ ಮೇಲೆ ಜಗತ್ತು ನಿಟ್ಟುಸಿರಿಟ್ಟು ಅದನ್ನು ಮರೆಯಿತು. ಅದಕ್ಕೆಂದು ಆರಂಭವಾಗಿದ್ದ ಲಸಿಕೆಯ ಪ್ರಯತ್ನಗಳು ನಡುದಾರಿಯಲ್ಲಿ ನಿಂತವು. ಇಲ್ಲದ ರೋಗಕ್ಕೆ ಹಣ ಸುರಿಯುವವರು ಯಾರು? ಹತ್ತು ಸಾವಿರ ಬೆಕ್ಕುಗಳನ್ನು ಕೊಂದದ್ದರಿಂದ ಏನೋ ಮಾಡಿದೆವೆಂಬ ಸಮಾಧಾನವೂ ದೊರೆತಿತ್ತು. ಅಪವಾದದ ದೊಡ್ಡ ಹಾನಿ ಇದೇ. ಬೆಕ್ಕಿಗೆ ಅನ್ಯಾಯವಾಯಿತೆಂಬುದು ಒಂದು ಕಡೆಯಿರಲಿ, ಅಪರಾಧಿ ಸಿಕ್ಕಿದನೆಂದು ವಿಚಾರಣೆಯೇ ಮುಗಿದುಹೋಗುತ್ತದೆ. ಸಂತೆ ಹಾಗೆಯೇ ಉಳಿಯುತ್ತದೆ, ಪಂಜರದ ಮೇಲೆ ಪಂಜರ ಮತ್ತೆ ಏರುತ್ತದೆ. ಚೀನಾ ದೇಶವು ಕಾಡುಪ್ರಾಣಿಗಳನ್ನು ತಿನ್ನಲು ಮಾರುವುದನ್ನು ಪೂರ್ತಿಯಾಗಿ ನಿಷೇಧಿಸಿದ್ದು 2020ರ ಫೆಬ್ರವರಿಯಲ್ಲಿ, ಸಾರ್ಸಿನ ಹದಿನೇಳು ವರ್ಷಗಳ ತರುವಾಯ.

ಸಣ್ಣಪುಟ್ಟ ದಾಟುವಿಕೆಗಳು ನಮ್ಮ ಗಮನಕ್ಕೆ ಬಾರದೆಯೇ ನಡೆಯುತ್ತಿರುತ್ತವೆ. 2014 ಮತ್ತು 2015ರಲ್ಲಿ ಹೈಟಿ ದೇಶದ ಮೂವರು ಮಕ್ಕಳಿಗೆ ಬಂದಿದ್ದ ಜ್ವರದ ಮಾದರಿಗಳಲ್ಲಿ ಹಂದಿಯ ಕೊರೋನಾ ಇತ್ತೆಂಬುದು ಪ್ರಕಟವಾದದ್ದು 2021ರಲ್ಲಿ. ಮಕ್ಕಳು ಗುಣವಾಗಿದ್ದರು; ವಿಷಾಣು ಅಲ್ಲಿಗೇ ನಿಂತಿತ್ತು. ನಿಲ್ಲದೆ ಮುಂದುವರಿಯುವ ಒಂದು ಎಂದಾದರೂ ಬರಬಹುದು. ಅದನ್ನು ಮೊದಲು ಕಾಣುವವರು ಉರ್ಬಾನಿಯವರಂತೆ ರೋಗಿಯ ಹಾಸಿಗೆಯ ಬಳಿ ನಿಂತ ಒಬ್ಬ ವೈದ್ಯರೋ, ಅಲ್ಮೇಡರಂತೆ ಹಿಂದೆ ಕಂಡದ್ದನ್ನು ಮರೆಯದ ಒಬ್ಬ ಪ್ರಯೋಗಶಾಲೆಯ ಕೆಲಸಗಾರ್ತಿಯೋ, ಕಾಡಿನಲ್ಲಿ ಸತ್ತ ಮಂಗವನ್ನು ಕಂಡು ಊರಿಗೆ ಬಂದು ಹೇಳುವ ಒಬ್ಬ ದನಗಾಹಿಯೋ ಆಗಿರುತ್ತಾರೆ. ಅವರ ಮಾತನ್ನು ಅದುಮದೆ ಕೇಳುವುದು, ಬೇನೆಯಿಲ್ಲದ ವರ್ಷಗಳಲ್ಲೂ ಸಂತೆ, ಕೊಟ್ಟಿಗೆ, ಆಸ್ಪತ್ರೆಗಳ ಮೇಲೆ ಕಣ್ಣಿಡುವುದು ಇವು ದುಬಾರಿಯಾದರೂ ಸಾಧ್ಯವಾದ ಕೆಲಸಗಳು. ಸೊಮಾಲಿಯದ ಒಂಟೆಗಳ ರಕ್ತ ಮೂವತ್ತು ವರ್ಷ ಸೀಸೆಗಳಲ್ಲಿ ಕುಳಿತಿತ್ತು. ಉತ್ತರ ಅದರೊಳಗೇ ಇತ್ತು, ಕೇಳಿದವರು ಇರಲಿಲ್ಲ.